ಕೊನೆಯ ತಾಟು ಎದ್ದ ಮೇಲೆ

"ಆಂಟಿ, ಎಷ್ಟ್ ಚೆನ್ನಾಗ್ ಕಾಣ್ತಿದೀರಾ! ಯಾವ್ ಜಿಮ್ಮು?" ಎಂದು ಇನ್ನೊಬ್ಬರು ಯಾರಾದರೂ ಕೇಳಿದರೆ ಕೈಯಲ್ಲಿರುವ ಸೌಟಿನಿಂದಲೇ ಬಾರಿಸುವುದು ಎಂದು ನಾನು ನಿರ್ಧಾರ ಮಾಡಿಬಿಟ್ಟಿದ್ದೆ. ಅದು ಎರಡು ಸಾವಿರದ ಎಂಟನೇ ಇಸವಿ, ಅಕ್ಟೋಬರ್ ತಿಂಗಳು. ತೂಕ ಇಳಿಸುವ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ನೂರಾ ಹದಿನೆಂಟು ಕಿಲೋ ಇದ್ದವಳು ಎಪ್ಪತ್ತೊಂಬತ್ತಕ್ಕೆ ಇಳಿದಿದ್ದೆ. ನೋಡಿದವರಿಗೆಲ್ಲ ಹಬ್ಬ. ನನಗೆ ಮಾತ್ರ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆಯುವಷ್ಟರಲ್ಲಿ ಇಡೀ ದಿನದ ಕಸುವು ಮುಗಿದಿರುತ್ತಿತ್ತು.

ನನ್ನ ಹೆಸರು ಭೀಮಬಾಯಿ. ಕಮ್ಮನಹಳ್ಳಿ ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಟೈಲರ್ ಅಂಗಡಿಯ ಪಕ್ಕದಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇದೆಯಲ್ಲ, ಅದು ನಮ್ಮದು. ಕಲಬುರ್ಗಿ ಕಡೆಯಿಂದ ಬಂದು ಇಲ್ಲಿ ಒಲೆ ಹೂಡಿ ಹತ್ತೊಂಬತ್ತು ವರ್ಷ. ಗಂಡ ನಿಂಗಣ್ಣ ಗಲ್ಲಾದಲ್ಲಿ ಕೂರುತ್ತಾರೆ, ಬಡಿಸುತ್ತಾರೆ, ಬಂದವರ ಊರು ಕೇರಿ ವಿಚಾರಿಸುತ್ತಾರೆ. ಒಲೆ ನನ್ನದು. ದಿನಕ್ಕೆ ಇನ್ನೂರು ರೊಟ್ಟಿ ಬಡಿದ ಕೈ ಇದು. ಭಾನುವಾರ ದೊಡ್ಡನೆಕ್ಕುಂದಿಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ರೊಟ್ಟಿ ಮುರಿದು ಬಾಯಿಗಿಟ್ಟು "ನಮ್ಮವ್ವನ ಕೈದು ಇದ್ದಂಗ ಅದ" ಅನ್ನುತ್ತಾರೆ. ಅದಕ್ಕಾಗಿಯೇ ನಾನು ಬದುಕಿದ್ದೆ ಅಂದರೂ ತಪ್ಪಲ್ಲ.

ಆಪರೇಷನ್ ಮಾಡಿಸಿಕೊಂಡದ್ದೂ ಆ ಒಲೆಗಾಗಿಯೇ. ಚಂದ ಕಾಣುವ ಹುಚ್ಚು ನನಗಿರಲಿಲ್ಲ. ಸಕ್ಕರೆ ಕಾಯಿಲೆ ಒಂದು ಕಡೆ, ಮೊಣಕಾಲು ಒಂದು ಕಡೆ. ಒಂದು ದಿನ ಬಿದ್ದ ಸೌಟು ಎತ್ತಲು ಬಗ್ಗಿದವಳು ನೆಲಕ್ಕೆ ಕುಳಿತೆ, ಏಳಲಾಗಲಿಲ್ಲ. ಉಣ್ಣುತ್ತಿದ್ದ ನಾಲ್ಕು ಜನ ಗಿರಾಕಿಗಳು ಎಂಜಲು ಕೈಯಲ್ಲೇ ಓಡಿ ಬಂದು ನನ್ನನ್ನು ಎತ್ತಿದರು. ಆ ಸೀರೆಗೆ ಹತ್ತಿದ ಎಣ್ಣೆಗಾಯಿಯ ಕಲೆ ಇವತ್ತಿಗೂ ಹೋಗಿಲ್ಲ. ಹೀಗೇ ಬಿಟ್ಟರೆ ಇನ್ನು ಎರಡು ವರ್ಷಕ್ಕೆ ನಿಲ್ಲುವುದೇ ಕಷ್ಟ ಎಂದರು ಡಾಕ್ಟರು. ಊರಿನಲ್ಲಿ ನನ್ನ ಹೆಸರಿಗೆ ಬಂದಿದ್ದ ಹೊಲ ಮಾರಿದೆ. ಇಂದಿರಾನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯನ್ನು ಒಂದು ಲಿಂಬೆಹಣ್ಣಿನಷ್ಟು ಮಾಡಿ ಕಳಿಸಿದರು. ಒಲೆ ಬಿಡಬಾರದು ಎಂದೇ ಹೊಟ್ಟೆ ಕೊಯ್ಯಿಸಿಕೊಂಡವಳು ನಾನು.

ಮಗಳು ರೇವತಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಪುಸ್ತಕ ಓದಿ, ಮುಖ್ಯವಾದದ್ದನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಎರಡು ಮೂರು ಗಂಟೆಗೊಮ್ಮೆ ಒಂದಿಷ್ಟೇ ತಿನ್ನಬೇಕು. ಮೊದಲು ಕಾಳು, ಮೊಸರು, ಪನೀರು. ರೊಟ್ಟಿ ಅನ್ನ ಆಮೇಲೆ. ಅರ್ಧ ಗಂಟೆ ಹಿಡಿದು ನಿಧಾನ ತಿನ್ನಬೇಕು. ತಿನ್ನುವಾಗ ನೀರು ಕುಡಿಯಬಾರದು. ಮಾತ್ರೆ ಒಂದು ದಿನವೂ ತಪ್ಪಬಾರದು.

ಈ ನೀರಿನ ಮಾತು ನನ್ನ ಗಂಡನ ತಲೆಗೆ ಹೋಗಲೇ ಇಲ್ಲ. ಯಾರೇ ಉಣ್ಣಲು ಕೂತರೂ ಮೊದಲು ನೀರಿನ ತಂಬಿಗೆ ಇಡುವುದು ಅವರ ಕೈಗೆ ಅಂಟಿದ ರೂಢಿ. ನಾನು ಎರಡು ಚಮಚ ಮೊಸರು ಹಿಡಿದು ಕೂತರೆ ಸಾಕು, ಎದುರಿಗೆ ತಂಬಿಗೆ ಹಾಜರು. "ಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕ್ರಿ ನಿಮಗ?" ಎಂದು ನಾನು ಕೂಗುವುದು, "ಗಂಟಲಿಗೆ ಸಿಕ್ರ ಏನ್ ಮಾಡ್ತಿ?" ಎಂದು ಅವರು ಗೊಣಗುವುದು, ಇದು ದಿನಾ ನಡೆಯುವ ಕಥೆ.

ಮೊದಲ ಮೂರು ತಿಂಗಳು ನಾನು ಗಾಳಿಯಲ್ಲಿ ತೇಲಿದೆ. ಸಕ್ಕರೆ ಇಳಿಯಿತು, ಮೊಣಕಾಲಿನ ನೋವು ಹೋಯಿತು. ಪಕ್ಕದ ಅಂಗಡಿಯ ಕಮರುನ್ನೀಸಾ ಪ್ರತಿ ಶುಕ್ರವಾರ ಟೇಪು ಹಿಡಿದು ಬಂದು ಸೊಂಟ ಅಳೆದು "ಯಾ ಅಲ್ಲಾ, ಮತ್ತೆ ಎರಡು ಇಂಚು!" ಎಂದು ಕುಣಿಯುತ್ತಿದ್ದಳು. ಕಮರುನ್ನೀಸಾ ಫ್ರೇಜರ್ ಟೌನಿನವಳು, ಹದಿನಾಲ್ಕು ವರ್ಷದಿಂದ ನನ್ನ ಗೆಳತಿ. ಮದುವೆ ಬಟ್ಟೆ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ದಿನಾ ಸಂಜೆ ನಾಲ್ಕಕ್ಕೆ, ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ, ನಾವಿಬ್ಬರೂ ಒಲೆಯ ಪಕ್ಕ ಕೂತು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಉಳಿದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಕೊನೆಗೆ ಅವಳು ತರುವ ಚಹಾ. ಊರಿನ ಸುದ್ದಿಯೆಲ್ಲ ಆ ತಾಟಿನ ಮೇಲೆಯೇ ಇತ್ಯರ್ಥವಾಗುತ್ತಿತ್ತು.

ನಾಲ್ಕು ಗಂಟೆಯೇ ಯಾಕೆ ಎಂದರೆ, ಅದು ನಮ್ಮ ಅತ್ತೆ ಅಯ್ಯಮ್ಮನ ಕಟ್ಟಳೆ. "ಒಲಿ ಮುಂದಿನಾಕಿ ಮೊದಲು ಉಂಡ್ರ ಅಡಗಿ ಎಂಜಲಾಗ್ತದ. ಕೊನೀ ತಾಟು ಎದ್ದ ಮ್ಯಾಲ ನಿನ್ನ ಊಟ" ಎಂದು ನಾನು ಸೊಸೆಯಾಗಿ ಬಂದ ದಿನವೇ ಹೇಳಿದ್ದರು. ಅತ್ತೆ ತೀರಿಕೊಂಡು ಹತ್ತು ವರ್ಷವಾದರೂ ಕಟ್ಟಳೆ ತೀರಿಕೊಂಡಿರಲಿಲ್ಲ. ಉಪ್ಪು ನೋಡಬೇಕೆಂದರೂ ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೆಕ್ಕಿ, ಕೈ ತೊಳೆದು ಮತ್ತೆ ಒಲೆ ಮುಟ್ಟುವವಳು ನಾನು. ಆಪರೇಷನ್ ಆದ ಮೇಲೂ ಬೆಳಿಗ್ಗೆ ಏಳಕ್ಕೆ ಒಂದು ಲೋಟ ಮಜ್ಜಿಗೆ, ಆಮೇಲೆ ನಾಲ್ಕಕ್ಕೇ ಊಟ. ಆ ಹೊತ್ತಿಗೆ ಹಸಿವು ಕಣ್ಣು ಕತ್ತಲೆ ತರುತ್ತಿತ್ತು. ನಾಲ್ಕು ತುತ್ತು ಗಬಗಬ ತಿನ್ನುತ್ತಿದ್ದೆ, ಐದನೆಯದಕ್ಕೆ ವಾಂತಿ. ಕೊನೆಗೆ ರೊಟ್ಟಿಯ ಸಹವಾಸವೇ ಬೇಡ ಎಂದು ಬರೀ ಗಂಜಿ ಕುಡಿಯತೊಡಗಿದೆ. ನಮ್ಮಲ್ಲಿ ಮೈ ಸರಿಯಿಲ್ಲದವರಿಗೆ ಗಂಜಿ ತಾನೇ? ಕಮರುನ್ನೀಸಾ ಒಬ್ಬಳೇ ತಿನ್ನಲು ನಾಚಿಕೊಂಡು ಒಂದೊಂದೇ ದಿನ ತಪ್ಪಿಸಿ, ಕೊನೆಗೆ ನಾಲ್ಕು ಗಂಟೆಗೆ ಬರುವುದನ್ನೇ ಬಿಟ್ಟಳು.

ಅದಕ್ಕೂ ಮುಂಚೆ, ಜೂನ್ ತಿಂಗಳಲ್ಲಿ ಒಂದು ದಿನ, ಅವಳು ಫ್ರಿಜ್ಜಿನ ಮೇಲಿದ್ದ ನನ್ನ ಮಾತ್ರೆಯ ಸ್ಟ್ರಿಪ್ಪು ಎತ್ತಿ ನೋಡಿದ್ದಳು.

"ಅರೆ ಬಾಯಿ, ಇದು ಶಾದಿ ಹುಡುಗೀರಿಗೆ ಕೊಡೋ ಮಾತ್ರೆ ಅಲ್ವಾ?"

"ಯಾವ ಶಾದಿ?"

"ಹುಡುಗಿ ತೆಳ್ಳಗಿದ್ರೆ ಶಾದಿಗೆ ಮೂರು ತಿಂಗ್ಳು ಮೊದ್ಲು ಇಂಥ ತಾಕತ್ತಿನ ಮಾತ್ರೆ ಕೊಡ್ತಾರೆ, ಮೈ ಕೈ ತುಂಬ್ಕೊಳ್ಲಿ ಅಂತ. ನಮ್ಮ ತಂಗಿ ಮಗಳು ಶಂಶುನ್ನೀಸಾಗೆ ಕೊಟ್ಟಿದ್ರು. ಹೆಂಗ್ ಉಬ್ಬಿದ್ಲು ಅಂದ್ರೆ, ಅವಳ ಬ್ಲೌಸು ಮೂರು ಸಲ ಬಿಚ್ಚಿ ಹೊಲ್ದಿದೀನಿ. ನಿನ್ನನ್ನ ಇಳಿಸೋಕೆ ಅಂತ ಹೊಟ್ಟೆ ಕುಯ್ದು, ಮತ್ತೆ ಏರಿಸೋಕೆ ಇದನ್ಯಾಕೆ ಕೊಟ್ರು?"

ಅವಳು ನಕ್ಕು ಚಹಾ ಕುಡಿದು ಹೋದಳು. ನನ್ನ ಎದೆಯಲ್ಲಿ ಮಾತ್ರ ಆ ಮಾತು ಕೂತುಬಿಟ್ಟಿತು. ಹೌದಲ್ಲ, ನಮ್ಮ ಊರಲ್ಲೂ ಬಡಕಲು ಮಕ್ಕಳಿಗೆ ದಪ್ಪಗಾಗಲೆಂದು ಟಾನಿಕ್ಕು ಕುಡಿಸುತ್ತಿದ್ದರು. ಹೊಲ ಮಾರಿ ಇಳಿಸಿದ ಮೈ ಮತ್ತೆ ಬಂದರೆ ಮತ್ತೆ ಮಾರಲು ಏನಿದೆ? ಮರುದಿನದಿಂದ ಒಂದೊಂದೇ ಮಾತ್ರೆ ಬಿಡಿಸಿ ಪಾತ್ರೆ ತೊಳೆಯುವ ಮೋರಿಗೆ ಬಿಡತೊಡಗಿದೆ. ರೇವತಿ ಖಾಲಿ ಸ್ಟ್ರಿಪ್ಪು ನೋಡಿ ಹೊಸದು ತರುತ್ತಿದ್ದಳು. ಮೂರನೇ ತಿಂಗಳು, ಆರನೇ ತಿಂಗಳು ಆಸ್ಪತ್ರೆಗೆ ಬನ್ನಿ ಎಂದು ಫೋನ್ ಬಂದಾಗ, ಖಾನಾವಳಿ ಬಿಟ್ಟು ಬರಲಾಗುವುದಿಲ್ಲ ಎಂದು ನಾನೇ ತಪ್ಪಿಸಿದೆ.

ಆಗಸ್ಟಿನಿಂದ ನನ್ನ ಮೈ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಇನ್ನೂರು ರೊಟ್ಟಿ ನೂರಾಯಿತು, ನೂರು ನಲವತ್ತಾಯಿತು. ಉಳಿದದ್ದನ್ನು ನಿಂಗಣ್ಣ ಹೊರಗಿನಿಂದ ತರಿಸುತ್ತಿದ್ದರು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ನನಗೆ ಮಲ್ಲಿಗೆ ಮುಡಿಯಲು ಜುಟ್ಟೂ ಉಳಿಯುವಂತಿರಲಿಲ್ಲ. ಅದೂ ಹೋಗಲಿ. ಬೆಳಿಗ್ಗೆ ಎದ್ದರೆ ಯಾಕೆ ಎದ್ದೆ ಅನ್ನಿಸುತ್ತಿತ್ತು. ಉಳ್ಳಾಗಡ್ಡಿ ಹೆಚ್ಚುತ್ತ ಅಳುತ್ತಿದ್ದೆ, ಹೆಚ್ಚಿ ಮುಗಿದ ಮೇಲೂ ಅಳುತ್ತಿದ್ದೆ. ಏನಾಗಿದೆ ಎಂದು ಕೇಳಿದರೆ ಏನೂ ಆಗಿರಲಿಲ್ಲ. ಅದೇ ನನಗೆ ಸಿಟ್ಟು. ಏನಾದರೂ ಆಗಿದ್ದರೆ ಹೇಳಬಹುದಿತ್ತು.

ಬುದ್ಧಿ ಹೇಳುವವರಿಗೇನು ಬರವೇ? "ಇಷ್ಟ್ ತೆಳ್ಳಗಾಗಿದೀರಾ, ಖುಷಿಯಾಗಿರ್ಬೇಕಪ್ಪ" ಎಂದಳು ಮನೆ ಓನರ್ ಹೆಂಡತಿ. "ಊಟ ಬಲ್ಲವನಿಗೆ ರೋಗವಿಲ್ಲ" ಎಂದ ಒಬ್ಬ ಗಿರಾಕಿ, ನನ್ನದೇ ಏಳನೇ ರೊಟ್ಟಿ ಮುರಿಯುತ್ತ. ಗಾದೆಯ ಉಳಿದರ್ಧ ನಾನೇ ಮುಗಿಸಿ ಅವನಿಗೆ ಮಾತಿನ ಮಜಾ ತೋರಿಸಬೇಕೆಂದಿದ್ದೆ. ಬಾಯಿ ತೆರೆಯಲು ಬೇಸರವಾಗಿ ಬಿಟ್ಟೆ.

ಅಕ್ಟೋಬರ್ ಎರಡನೇ ವಾರ ನಿಂಗಣ್ಣ ಗಲ್ಲಾ ಮುಚ್ಚಿ ಬಂದು ನನ್ನೆದುರು ಕೂತರು.

"ಭೀಮಿ, ಈರೇಶನ ಕೂಡ ಮಾತಾಡೀನಿ."

ಈರೇಶ ಅವರ ದೂರದ ಸಂಬಂಧಿ, ದೊಡ್ಡನೆಕ್ಕುಂದಿಯಲ್ಲಿ ಕ್ಯಾಂಟೀನು ನಡೆಸುವವನು.

"ಏನಂತ?"

"ದೀಪಾವಳಿ ಪಾಡ್ಯಕ್ಕ ಖಾನಾವಳಿ ಅವನಿಗೆ ಬಿಟ್ಟುಕೊಡೂದು. ನೀ ಮನಿಯಾಗ ಆರಾಮ್ ಇರು."

"ನಾ ಕೇಳೀನೇನು ಆರಾಮು?"

"ಕೇಳಬೇಕೇನು? ನಿನ್ನ ಮಾರಿ ನೋಡಿದ್ರ ಗೊತ್ತಾಗ್ತದ. ನಲವತ್ತು ರೊಟ್ಟಿಗಿ ಬಂದು ನಿಂತೀದಿ."

"ನಲವತ್ತು ಆದ್ರೂ ನಾನೇ ಬಡೀತೀನಲ್ಲ! ಈರೇಶಗ ರೊಟ್ಟಿ ದುಂಡಗ ಆಗ್ತದೋ ಚೌಕಾಗ್ತದೋ ಅದೂ ಗೊತ್ತಿಲ್ಲ. ಅವ ಮೂರು ತಿಂಗಳಿಗಿ ಒಲಿ ಕಿತ್ತಿ ಇಡ್ಲಿ ಹಾಕ್ತಾನ."

"ಹಾಕ್ಲಿ ಬಿಡು! ನೀ ಸತ್ರ ಒಲಿ ಕಟಗೊಂಡು ನಾ ಏನ್ ಮಾಡ್ಲಿ?" ಎಂದು ಕಿರುಚಿ ಎದ್ದು ಹೋದರು. ಅವರ ದನಿ ಒಡೆದದ್ದು ನನಗೆ ಕೇಳಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಒಲೆ ಉಳಿಸಿಕೊಳ್ಳಲು ಹೊಲ ಕಳೆದುಕೊಂಡೆ, ಈಗ ಒಲೆಯೂ ಹೋದರೆ ನಾನು ಯಾರು? ಎಪ್ಪತ್ತೊಂಬತ್ತು ಕಿಲೋ, ಅಷ್ಟೇ.

ಭಾನುವಾರ ತೋರಿಸುತ್ತೇನೆ ಎಂದುಕೊಂಡೆ. ಆ ಭಾನುವಾರ ಹೊರಗಿನ ರೊಟ್ಟಿ ತರಿಸಬೇಡಿ ಎಂದು ಹೇಳಿ ಹನ್ನೊಂದಕ್ಕೆ ಒಲೆ ಹೊತ್ತಿಸಿದೆ. ಹನ್ನೆರಡೂವರೆಗೆ ಖಾನಾವಳಿ ತುಂಬಿತು, ಹೊರಗೆ ಕಟ್ಟೆಯ ಮೇಲೂ ಹುಡುಗರು. ಇಪ್ಪತ್ತಮೂರನೆಯ ರೊಟ್ಟಿ ಹೆಂಚಿನ ಮೇಲೆ ಹಾಕಿದೆ. ಇಪ್ಪತ್ತನಾಲ್ಕನೆಯದಕ್ಕೆ ಹಿಟ್ಟು ಹಿಡಿದ ಕೈ ಮೇಲೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಹಾಗೇ ಜಾರಿ ಕೂತೆ. ಮೊಣಕಾಲು ನೋಯುತ್ತಿರಲಿಲ್ಲ, ಎಲ್ಲೂ ಏನೂ ನೋಯುತ್ತಿರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಕಂದಾಗಿ ಕಪ್ಪಾಗಿ ಹೊಗೆಯಾಡತೊಡಗಿತು. ನಾನು ನೋಡುತ್ತಲೇ ಇದ್ದೆ. ಸುಟ್ಟರೆ ಸುಡಲಿ ಅನ್ನಿಸಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನನಗೆ ಹಾಗನ್ನಿಸಿರಲಿಲ್ಲ. ಆಗ ಮಾತ್ರ ಹೆದರಿಕೆಯಾಯಿತು.

ಸುಟ್ಟ ವಾಸನೆಗೆ ಪಕ್ಕದಿಂದ ಓಡಿ ಬಂದವಳು ಕಮರುನ್ನೀಸಾ. ಗ್ಯಾಸ್ ಆರಿಸಿ, ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದಳು. ಈ ಸಲ ನಾಲ್ಕು ಜನ ಬೇಕಾಗಲಿಲ್ಲ. ಅವಳೊಬ್ಬಳೇ ಸಾಕಾದಳು.

"ನಾಳೆ ಆಸ್ಪತ್ರೆಗೆ ಹೋಗ್ತೀವಿ" ಎಂದಳು.

"ನಾ ಒಲ್ಲೆ."

"ನಿನ್ನನ್ನ ಕೇಳ್ದವರ್ಯಾರು?"

ಮರುದಿನ ಅವಳೇ ನನ್ನನ್ನು ಆಟೋ ಹತ್ತಿಸಿ ಇಂದಿರಾನಗರಕ್ಕೆ ಕರೆದೊಯ್ದಳು. ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡರು. ಮಧ್ಯಾಹ್ನದ ತನಕ ಕಾಯಿಸಿ, ಊಟದ ವಿಚಾರ ನೋಡಿಕೊಳ್ಳುವ ಶಿರೀನ್ ಎಂಬ ಹುಡುಗಿಯ ಕೋಣೆಗೆ ಕಳಿಸಿದರು. ಬೆನ್ಸನ್ ಟೌನಿನ ಹುಡುಗಿ, ನನ್ನ ರೇವತಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಕಾಗದ ನೋಡಿ ಅವಳ ಹುಬ್ಬು ಗಂಟಾಯಿತು.

"ಆಂಟಿ, ರಕ್ತ ಎಂಟಕ್ಕೆ ಇಳಿದಿದೆ. ಬಿ ಟ್ವೆಲ್ವ್ ವಿಟಮಿನ್ ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಮಾತ್ರೆ ತಗೋತಿದೀರಾ?"

"ಹ್ಞೂಂ."

"ದಿನಾ?"

ರೇವತಿಗೆ ಐದು ತಿಂಗಳು ಹೇಳಿದ ಸುಳ್ಳು ಈ ಹುಡುಗಿಗೆ ಹೇಳಲು ನಾಲಗೆ ಏಳಲಿಲ್ಲ. ಸುಳ್ಳು ಹೇಳಲೂ ಕಸುವು ಬೇಕು. "ಇಲ್ಲವಾ. ಜೂನಿನಿಂದ ತೊಗೊಂಡಿಲ್ಲ. ದಪ್ಪ ಆಗ್ತೀನಂತ ಮೋರಿಗಿ ಚೆಲ್ಲೀನಿ" ಎಂದೆ.

"ದಪ್ಪ ಆಗ್ತೀರಾ ಅಂತ ಯಾರ್ ಹೇಳಿದ್ರು?"

ನಾನು ಪಕ್ಕಕ್ಕೆ ತಿರುಗಿದೆ. ಪಕ್ಕದ ಕುರ್ಚಿಯಲ್ಲಿ ಕಮರುನ್ನೀಸಾ ಬಿಳಿಚಿಕೊಂಡಿದ್ದಳು.

"ನಾನು ಹೇಳಿದ್ದಾ?" ಎಂದಳು ಮೆಲ್ಲಗೆ. ಆಮೇಲೆ ದನಿ ಏರಿತು. "ನಾನ್ ಹೇಳಿದ್ದು ಕೇಳಿ ಬಿಟ್ಬಿಟ್ಯಾ? ಗಂಡ ಹೇಳಿದ್ದು ಕೇಳಲ್ಲ, ಮಗಳು ಬರೆದು ಅಂಟಿಸಿದ್ದು ಓದಲ್ಲ, ಇಷ್ಟು ದೊಡ್ಡ ಡಾಕ್ಟ್ರು ಹೇಳಿದ್ದು ಬೇಡ, ನನ್ ಮಾತು ಕೇಳ್ತೀಯಾ? ನಾನು ಟೈಲರ್ ಕಣೇ ಬಾಯಿ! ಟೈಲರ್!" ಎಂದವಳೇ ಸೆರಗಿನಿಂದ ಮುಖ ಮುಚ್ಚಿ ಅಳತೊಡಗಿದಳು.

"ನೀ ಯಾಕ ಅಳ್ತಿ? ಕುಂದ್ರು ಸುಮ್ಮ" ಎಂದು ಗದರಿದೆ.

ಶಿರೀನ್ ಇಬ್ಬರಿಗೂ ಒಂದೊಂದು ಲೋಟ ನೀರು ಕೊಟ್ಟು, ಶಂಶುನ್ನೀಸಾಳ ಕಥೆಯನ್ನೆಲ್ಲ ಕೇಳಿಸಿಕೊಂಡಳು. "ಮದುವೆ ಹುಡುಗಿ ಉಬ್ಬಿದ್ದು ಮಾತ್ರೆಯಿಂದಲ್ಲ ಆಂಟಿ, ಅದರ ಜೊತೆ ಮನೆಯವರು ತುರುಕಿದ ತುಪ್ಪ ಬಾದಾಮಿಯಿಂದ. ನಿಮ್ಮ ಹೊಟ್ಟೆಗೆ ಈಗ ಊಟದಿಂದ ಸತ್ವ ಪೂರ್ತಿ ಎಳ್ಕೊಳ್ಳೋಕಾಗಲ್ಲ. ಅದಕ್ಕೇ ಮಾತ್ರೆ. ಇದು ಬದುಕಿರೋವರೆಗೂ ಬೇಕು. ಸರಿ, ಊಟ ಎಷ್ಟೊತ್ತಿಗೆ ಮಾಡ್ತೀರಾ?"

"ನಾಲ್ಕಕ್ಕ."

"ಅದಕ್ಕೆ ಮುಂಚೆ?"

"ಬೆಳಿಗ್ಗಿ ಏಳಕ್ಕ ಮಜ್ಜಿಗಿ."

"ಒಂಬತ್ತು ಗಂಟೆ ಖಾಲಿ ಹೊಟ್ಟೆನಾ? ದಿನವಿಡೀ ಅಡುಗೆ ಮುಂದೆ ನಿಂತ್ಕೊಂಡು?"

"ಗಿರಾಕಿ ಉಣ್ಣೂಕಿಂತ ಮೊದಲ ನಾ ಉಂಡ್ರ ಎಂಜಲಾಗ್ತದ."

ಆ ಹುಡುಗಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದೆ. "ಮನಸ್ಸು ಹೇಗಿದೆ ಆಂಟಿ?" ಎಂದಳು.

ನಿನಗೆ ಯಾಕಮ್ಮ ಅದೆಲ್ಲ ಎಂದು ಹೇಳಲು ಹೋದೆ. ಬಾಯಿಂದ ಬಂದದ್ದೇ ಬೇರೆ. "ಹ್ಯಾಂಗಿರ್ತದ? ಸತ್ತಂಗ ಅದ. ಎಲ್ಲಾರೂ ಚಂದ ಆಗೀದಿ ಅಂತಾರ. ನಂಗ ಉಣ್ಣೂದು ಬೇಕವಾ. ದಿನಾ ನಾಲ್ಕಕ್ಕ ಈಕೀ ಕೂಡ ಒಂದ ತಾಟಿನಾಗ ಉಣ್ತಿದ್ದೆ. ಹದಿನಾಲ್ಕು ವರ್ಷ. ಅದು ಹೋತು. ಕೈಲಿ ರೊಟ್ಟಿ ಆಗವಲ್ದು, ಬಾಯಿಗಿ ರೊಟ್ಟಿ ಹೋಗವಲ್ದು. ನಿನ್ನೆ ಹೆಂಚಿನ ಮ್ಯಾಲ ರೊಟ್ಟಿ ಸುಡ್ಲಕತ್ತಿತ್ತು, ನಾ ನೋಡ್ಕೋತ ಕುಂತೆ. ಅದಕ್ಕ ಮಾತ್ರಿ ಅದ ಏನು ನಿನ್ನ ಹಂತ್ಯಾಕ?"

"ಇದೆ" ಎಂದಳು ಶಿರೀನ್, ತಕ್ಷಣ. "ಮೊದಲು ರಕ್ತ ಸರಿ ಹೋಗ್ಲಿ, ಅರ್ಧ ಸಂಕಟ ಅದರದ್ದೇ. ಉಳಿದರ್ಧಕ್ಕೆ ಮನಸ್ಸಿನ ಡಾಕ್ಟ್ರ ಹತ್ರ ಕಳಿಸ್ತೀನಿ. ಆಪರೇಷನ್ ಆದ ಎಷ್ಟೋ ಜನಕ್ಕೆ ಹೀಗಾಗತ್ತೆ, ಯಾರೂ ಬಾಯಿ ಬಿಡಲ್ಲ."

"ನಾ ಹುಚ್ಚಿ ಅಲ್ಲ."

"ಹುಚ್ಚಿ ಅಂದ್ನಾ? ಮಾತ್ರೆ ಮೋರಿಗೆ ಹಾಕಿದ್ದಕ್ಕೆ ಬೇಕಾದ್ರೆ ಅಂತೀನಿ" ಎಂದಳು ಆ ಪೋರಿ. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು.

ಅವತ್ತೇ ಮೊದಲ ಇಂಜೆಕ್ಷನ್ ಆಯಿತು. ಮರುದಿನ ಮತ್ತೆ ಹೋಗಿ ರಕ್ತನಾಳಕ್ಕೆ ಕಬ್ಬಿಣದ ಔಷಧ ಏರಿಸಿಕೊಂಡೆ. ಮನಸ್ಸಿನ ಡಾಕ್ಟರು ಅರ್ಧ ಗಂಟೆ ನನ್ನ ಬೈಗುಳ ಕೇಳಿ, ಮುಂದಿನ ವಾರವೂ ಬಂದು ಬೈಯಿರಿ ಎಂದರು. ರೇವತಿಗೆ ನಿಜ ಹೇಳಿದೆ. ಅವಳು ಕೂಗಾಡಲಿಲ್ಲ, ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಮಾತ್ರೆ ತಂದು ನನ್ನ ಅಂಗೈಯಲ್ಲಿಟ್ಟು, ನುಂಗುವ ತನಕ ಎದುರಿಗೇ ನಿಂತಳು. "ಬಾಯಿ ತೆಗಿ, ನೋಡ್ಬೇಕು" ಎಂದಳು. ಹೆತ್ತ ತಾಯಿಗೆ! ತೆಗೆದೆ, ಏನು ಮಾಡಲಿ?

ನಿಂಗಣ್ಣ ಮಾತ್ರ ಪಟ್ಟು ಬಿಡಲಿಲ್ಲ. "ಔಷಧ ನಡೀಲಿ, ಆರಾಮೂ ನಡೀಲಿ. ಈರೇಶಗ ಮಾತು ಕೊಟ್ಟೀನಿ, ಬರೂ ಭಾನುವಾರ ಒಲಿ ನೋಡ್ಲಿಕ್ಕ ಬರ್ತಾನ" ಎಂದರು.

ಹಬ್ಬಕ್ಕೆ ಎರಡು ದಿನ ಮುಂಚಿನ ಭಾನುವಾರ ಅದು. ಮೈಗೆ ಸ್ವಲ್ಪ ಜೀವ ಬಂದಿತ್ತು, ಸ್ವಲ್ಪವೇ. ಹನ್ನೆರಡು ಗಂಟೆಗೆ ಮೇಜುಗಳೆಲ್ಲ ತುಂಬಿದ್ದವು. ಈರೇಶ ಒಲೆಯ ಹತ್ತಿರ ನಿಂತು, ಕೈ ಬೆನ್ನಿಗೆ ಕಟ್ಟಿಕೊಂಡು, ಹೊಗೆ ಹೋಗುವ ಕಿಂಡಿ ನೋಡುತ್ತಿದ್ದ. ಗೋಡೆಯ ಗಡಿಯಾರದ ಪಕ್ಕದಲ್ಲಿ ಅತ್ತೆಯ ಫೋಟೋ. ಅದನ್ನೊಮ್ಮೆ ನೋಡಿದೆ. ಆಮೇಲೆ ಒಂದು ಸಣ್ಣ ತಾಟಿಗೆ ಎರಡು ಚಮಚ ಹೆಸರುಕಾಳಿನ ಪಲ್ಯ, ಎರಡು ಚಮಚ ಮೊಸರು, ಅಂಗೈ ಅಗಲದ ಒಂದು ರೊಟ್ಟಿಚೂರು ಹಾಕಿಕೊಂಡು ಹೊರಗೆ ಬಂದೆ. ಬಾಗಿಲ ಹತ್ತಿರದ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಹತ್ತೊಂಬತ್ತು ವರ್ಷ ಒರೆಸಿದ ಕುರ್ಚಿ, ಒಂದು ದಿನವೂ ಕೂತಿರಲಿಲ್ಲ. ಕೂತೆ.

ಎದುರು ಕೂತ ಹುಡುಗ ತುತ್ತು ಕೈಯಲ್ಲೇ ಹಿಡಿದು ನೋಡಿದ. ನಿಂಗಣ್ಣ ಗಲ್ಲಾ ಬಿಟ್ಟು ಓಡಿ ಬಂದರು.

"ಏ ಭೀಮಿ, ಏನ್ ನಡಿಸೀದಿ? ಮಂದಿ ನೋಡ್ಲಕತ್ತಾರ."

"ನೋಡ್ಲಿ."

"ಹತ್ತು ತಾಟಿಗಿ ರೊಟ್ಟಿ ಬೇಕಾಗ್ಯದ, ಹೊರಗ ಮಂದಿ ನಿಂತಾರ!"

"ನಿಲ್ಲಲಿ. ಎಂಜಲಾಗ್ತದಂದ್ರ ಬ್ಯಾರೆ ಕಡಿ ಹೋಗ್ಲಿ. ನಾ ಉಣ್ಣದ ಇನ್ನ ಒಂದು ರೊಟ್ಟಿ ಬಡಿಯಂಗಿಲ್ಲ."

ಮೊದಲ ತುತ್ತು ಬಾಯಿಗಿಟ್ಟೆ. ನಿಧಾನ ಅಗಿದೆ. ಪಲ್ಯಕ್ಕೆ ಉಪ್ಪು ಒಂದು ಚೂರು ಕಡಿಮೆಯಾಗಿತ್ತು. ಉಪ್ಪು ಕಡಿಮೆ ಎಂದು ನಾಲಗೆಗೆ ತಿಳಿದು ಎಷ್ಟು ತಿಂಗಳಾಗಿತ್ತೋ! ಅಷ್ಟರಲ್ಲಿ ಪಕ್ಕದ ಅಂಗಡಿಯಿಂದ ಕಮರುನ್ನೀಸಾ ಇಣುಕಿದಳು. ಟೇಪು ಕೊರಳಲ್ಲೇ ಇತ್ತು. ಏನೂ ಕೇಳದೆ ಒಳಗೆ ಬಂದು, ಒಂದು ಸ್ಟೂಲು ಎಳೆದು ನನ್ನ ಪಕ್ಕ ಕೂತು, ನನ್ನ ತಾಟಿನಿಂದಲೇ ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು.

"ನಾಲ್ಕು ಗಂಟೆ ಅಂತ ಯಾರು ಬರೆದಿಟ್ಟಿದಾರೆ? ಹನ್ನೆರಡಕ್ಕೂ ಹಸಿವಾಗತ್ತೆ" ಎಂದಳು.

ನಿಂಗಣ್ಣ ಇಬ್ಬರನ್ನೂ ನೋಡುತ್ತ ನಿಂತರು. ಆಮೇಲೆ ತಿರುಗಿ ಹೋಗಿ, ರೂಢಿಯಂತೆ ನೀರು ತುಂಬಿದ ತಂಬಿಗೆ ತಂದು ನನ್ನ ಮುಂದೆ ಇಟ್ಟರು. ಬೈಯಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರಿಗೇ ನೆನಪಾಯಿತು. ಇಟ್ಟ ತಂಬಿಗೆಯನ್ನು ಸರಕ್ಕನೆ ಎತ್ತಿಕೊಂಡು, ಎರಡೂ ಕೈಯಲ್ಲಿ ಎದೆಗೆ ಹಿಡಿದು ಹಾಗೇ ನಿಂತರು. ಕಣ್ಣು ತುಂಬಿತ್ತು.

ಒಲೆಯ ಹತ್ತಿರದಿಂದ ಈರೇಶ ಕೂಗಿದ. "ಕಾಕಾ, ಒಲಿ ಎಂದು ಖಾಲಿ ಮಾಡಿ ಕೊಡ್ತೀರಿ?"

ನಿಂಗಣ್ಣ ತಂಬಿಗೆ ಹಿಡಿದೇ ಅವನ ಕಡೆ ತಿರುಗಿದರು. "ಖಾಲಿ ಮಾಡಂಗಿಲ್ಲಪ್ಪಾ" ಎಂದರು. "ಬಂದೀದಿ, ಉಂಡು ಹೋಗು. ಆದ್ರ ಅರ್ಧ ತಾಸು ತಡಿ."

ಆಮೇಲೆ ಬಾಗಿಲಲ್ಲಿ ನಿಂತಿದ್ದ ಹುಡುಗರ ಕಡೆ ತಿರುಗಿ, ಗಿರಾಕಿಗಳನ್ನು ಕರೆಯುವ ಅದೇ ದೊಡ್ಡ ದನಿಯಲ್ಲಿ ಹೇಳಿದರು.

"ಯಾರೂ ಗಡಿಬಿಡಿ ಮಾಡಬ್ಯಾಡ್ರಿ. ನಮ್ಮಾಕಿ ಉಣ್ಲಕತ್ತಾಳ."